ಮುಟ್ಟಿದರೆ ಔಟ್, ಎಸೆದರೆ ಮನೆಗೆ

ಪುಷ್ಪಾವತಿ ಮೇಡಂ ಕುಳಿತಿದ್ದನ್ನು ಸಂತೇಬೆನ್ನೂರಿನಲ್ಲಿ ಕಂಡವರು ಕಡಿಮೆ. ನಿಂತೇ ನಿದ್ದೆ ಮಾಡುವ ವಿದ್ಯೆ ಕುದುರೆಗಳ ನಂತರ ಒಲಿದಿರುವುದು ದೈಹಿಕ ಶಿಕ್ಷಕರಿಗೆ ಮಾತ್ರ, ಅವರ ಪೈಕಿ ಮೇಡಂ ಹಿರಿಯರು. ಬೆಳಿಗ್ಗೆ ಪ್ರಾರ್ಥನೆಯ ಸಾಲು ನೇರ ಮಾಡಬೇಕು, ಮಧ್ಯಾಹ್ನ ಬಿಸಿಯೂಟದ ಸಾಲು ನೇರ ಮಾಡಬೇಕು, ಚುನಾವಣೆ ಬಂದರೆ ಮತದಾರರ ಸಾಲು, ಗಣತಿ ಬಂದರೆ ಬಿಸಿಲಲ್ಲಿ ಮನೆಮನೆ. ಇಷ್ಟು ವರ್ಷ ಊರನ್ನೆಲ್ಲ ನೇರ ಮಾಡಿದ ಮೇಲೆ ಅವರದೇ ಬೆನ್ನು ಸ್ವಲ್ಪ ಬಾಗಿತ್ತು. ಮೆಟ್ಟಿಲು ಕಂಡರೆ ಎರಡೂ ಮಂಡಿಗಳು ಮೊದಲು ತಮ್ಮತಮ್ಮಲ್ಲಿ ಸಭೆ ಸೇರಿ, ಆಮೇಲೆ ಒಲ್ಲದ ಮನಸ್ಸಿನಿಂದ ಒಪ್ಪಿಗೆ ಕೊಡುತ್ತಿದ್ದವು. ಯಾರಾದರೂ "ಆರಾಮ ಅದೀರಾ ಮೇಡಂ" ಎಂದರೆ, "ಅದೊಂದು ಬಿಟ್ಟು ಎಲ್ಲಾ ಅದೀನಿ" ಎನ್ನುತ್ತಿದ್ದರು.

ಇಂಥ ದಣಿದ ಜೀವದ ಆಳ್ವಿಕೆಯಲ್ಲಿ ಒಂದು ಸಾಮ್ರಾಜ್ಯವಿತ್ತು. ವರ್ಷಕ್ಕೆ ಒಂದೇ ಭಾನುವಾರ, ಮೆಕ್ಕೆಜೋಳದ ಒಕ್ಕಣೆ ಮುಗಿದ ಮೇಲೆ, ಶಾಲೆಯ ಮೈದಾನದಲ್ಲಿ ಅದು ಎದ್ದು ನಿಲ್ಲುತ್ತಿತ್ತು, ಸಂಜೆಗೆ ಶಾಮಿಯಾನದ ಜೊತೆ ಮಡಚಿಕೊಳ್ಳುತ್ತಿತ್ತು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕು ತಾಲ್ಲೂಕುಗಳ ಸ್ನೇಹ ಸಾಫ್ಟ್‌ಬಾಲ್ ಪಂದ್ಯಾವಳಿ. ಗೆದ್ದವರಿಗೆ ಒಂದು ಸ್ಟೀಲ್ ಕೊಡ. ತಂಡಕ್ಕೆ ಐದು ಗಂಡಸರು, ಐದು ಹೆಂಗಸರು. ಕಾಲೇಜಿನ ದಿನಗಳಲ್ಲಿ ಸಾಫ್ಟ್‌ಬಾಲ್ ಆಡಿ ವಿಶ್ವವಿದ್ಯಾಲಯದ ತಂಡದವರೆಗೆ ಹೋಗಿದ್ದ ಮೇಡಂ, ಮೊದಲ ವರ್ಷ ಗಂಡಸರು ಸಾಲದೆ ಬಂದಾಗ, ಉಪ್ಪಿಟ್ಟು ಮಾಡಲು ಬಂದಿದ್ದ ಹೆಂಗಸರ ಕೈಗೆ ಗ್ಲೌಸು ತೊಡಿಸಿ ಮೈದಾನಕ್ಕಿಳಿಸಿದ್ದರು. ಆ ದಿನ ಉಪ್ಪಿಟ್ಟು ಸೀದುಹೋಯಿತು. ಆದರೆ ಇಳಿದ ಹೆಂಗಸರು ಮತ್ತೆ ಮೇಲೆ ಹತ್ತಲಿಲ್ಲ.

ಆಟ ಗೊತ್ತಿಲ್ಲದವರಿಗೆ ಇಷ್ಟು ಸಾಕು. ಮೈದಾನದಲ್ಲಿ ಚೌಕಾಕಾರವಾಗಿ ನಾಲ್ಕು ಬೇಸು. ಚೆಂಡು ಹೊಡೆದವರು ಮೂರು ಬೇಸು ಸುತ್ತಿ ಹೊರಟ ಜಾಗಕ್ಕೇ, ಅಂದರೆ ಹೋಮ್‌ಗೆ, ಮರಳಿದರೆ ಒಂದು ರನ್ನು. ಬೇಸು ಬಿಟ್ಟು ಓಡುತ್ತಿರುವವರನ್ನು ಎದುರಾಳಿಗಳು ಚೆಂಡು ಹಿಡಿದ ಗ್ಲೌಸಿನಿಂದ ಮುಟ್ಟಿದರೆ ಔಟ್. ಹೆಸರಿನಲ್ಲಿ ಸಾಫ್ಟ್ ಇದ್ದರೂ ಚೆಂಡು ಮಾತ್ರ ಸಿಪ್ಪೆ ಸುಲಿದ ತೆಂಗಿನಕಾಯಿಯ ಸ್ವಭಾವದ್ದು.

ಸಾಮ್ರಾಜ್ಯಕ್ಕೆ ಗಂಡಾಂತರ ಬಂದದ್ದು ಈ ಮುಟ್ಟುವ ವಿಷಯದಲ್ಲೇ. ನಮ್ಮ ಕಡೆಯ ಗಂಡಸರು ಎಷ್ಟೇ ಒರಟರಾದರೂ ಪರಸ್ತ್ರೀಯನ್ನು ಹತ್ತು ಜನರೆದುರು ಮುಟ್ಟುವುದೆಂದರೆ ಬೆವರುತ್ತಾರೆ. ಬಸ್ಸಿನಲ್ಲಿ ಟಿಕೆಟ್ಟಿನ ಚಿಲ್ಲರೆಯನ್ನು ಕೈಗೆ ಮೇಲಿನಿಂದ ಉದುರಿಸುವವರು ಅವರು. ಹಾಗೆಂದು ಔಟ್ ಮಾಡದೆ ಬಿಡುವವರೂ ಅಲ್ಲ. ಮುಟ್ಟುವ ಹಾಗಿಲ್ಲ, ಬಿಡುವ ಹಾಗಿಲ್ಲ, ಎಂಬ ಸಂಕಟದಲ್ಲಿ ಅವರ ಕೈಗೆ ತಾನಾಗಿ ನೆನಪಾಗುತ್ತಿದ್ದುದು ಚಿಕ್ಕಂದಿನ ಲಗೋರಿ. ಲಗೋರಿಯಲ್ಲಿ ಓಡುವವರ ಬೆನ್ನಿಗೆ ಚೆಂಡು ಎಸೆದರೆ ಸಾಕು, ಔಟ್. ಬಟ್ಟೆಯ ಚೆಂಡಿಗೆ ಸರಿ. ಈ ಚೆಂಡಿಗೆ ಅಲ್ಲ.

ಹೋದ ವರ್ಷ ಜಗಳೂರಿನ ದುರುಗಣ್ಣ ಹಾಗೇ ಎಸೆದ. ದುರುಗಣ್ಣ ಲೈನ್‌ಮನ್. ಕಂಬ ಹತ್ತಿ ಹತ್ತಿ ತೋಳುಗಳು ಕಂಬದಂತೆಯೇ ಆಗಿದ್ದವು, ಮನಸ್ಸು ಮಾತ್ರ ಬೆಣ್ಣೆ. ನ್ಯಾಮತಿ ತಂಡದ ಮೇಘಶ್ರೀ, ಗೋವಿನಕೋವಿಯ ಆಶಾ ಕಾರ್ಯಕರ್ತೆ, ಅವನ ಪಕ್ಕದಲ್ಲೇ ಓಡಿಹೋದಳು. ಕೈ ಚಾಚಿದ್ದರೆ ಸಿಗುತ್ತಿದ್ದಳು. ಮರ್ಯಾದಸ್ಥ ದುರುಗಣ್ಣ ಕೈ ಚಾಚಲಿಲ್ಲ, ಎಸೆದ. ಅವಳ ಕತ್ತಿನ ಕೆಳಗಿನ ಮೂಳೆ ಮುರಿಯಿತು. ಇನ್ನೂ ದೊಡ್ಡ ವಿಷಯವೆಂದರೆ, ಮೇಘಶ್ರೀ ಅದನ್ನು ಯಾರಿಗೂ ಹೇಳದೆ, ಹಲ್ಲು ಕಚ್ಚಿಕೊಂಡು ಪಂದ್ಯ ಮುಗಿಯುವವರೆಗೆ ಆಡಿದ್ದಳು. ಹೇಳಿದರೆ "ಹೆಂಗಸರು ಇದಕ್ಕೆಲ್ಲ ಯಾಕೆ ಬರ್ತಾರೆ" ಎನ್ನುತ್ತಾರೆಂಬ ಭಯ.

ಆ ಮಾತನ್ನು ಆಡುವವರಿಗೇನೂ ಕೊರತೆಯಿರಲಿಲ್ಲ. ಈ ವರ್ಷದ ಪಂದ್ಯಕ್ಕೆ ದಿನ ಗೊತ್ತುಮಾಡಲು ಮೇಡಂ ಕಲ್ಲೇಶಪ್ಪನವರ ಕಣಕ್ಕೆ ಹೋದಾಗ ಅದು ಎದುರಿಗೇ ಬಂತು. ಕಲ್ಲೇಶಪ್ಪ ಪಂದ್ಯಾವಳಿಯ ಅಧ್ಯಕ್ಷರು, ಮೆಕ್ಕೆಜೋಳದ ಒಕ್ಕಣೆ ಯಂತ್ರ ಇಟ್ಟವರು, ಶಾಮಿಯಾನ ಹಾಕಿಸಿ ಊಟ ಹಾಕುವವರು. ಅರವತ್ತು ದಾಟಿದ್ದರೂ ಚನ್ನಗಿರಿ ತಂಡದಲ್ಲಿ ಮೂರನೇ ಬೇಸು ಅವರದೇ. ಊಟ ಹಾಕುವವರಿಗೆ ಬೇಸು ಇಲ್ಲವೆನ್ನುವ ಎದೆಗಾರಿಕೆ ಯಾರಿಗಿದೆ?

"ಮೇಡಂ, ನೆಟ್ಟಗೆ ಹೇಳಿಬಿಡ್ತೀನಿ. ಹೋದ್ ವರ್ಷ ಆ ಹುಡುಗಿ ಮೂಳೆ ಮುರೀತು. ಅವರಪ್ಪ ನನಗೆ ಫೋನ್ ಮಾಡಿ ಏನೇನ್ ಅಂದ್ರು ಗೊತ್ತೈತಾ?"

"ಗೊತ್ತೈತೆ. ನಿಮಗೆ ಅಂದು ಉಳಿದಿದ್ದನ್ನ ನನಗೆ ಅಂದ್ರು."

"ಈ ಸಲ ಇನ್ನೊಬ್ಬ ಹೆಣ್ಮಗಳಿಗೆ ಪೆಟ್ಟಾತು ಅಂದ್ರೆ ಮುಗೀತು. ಮುಂದಿನ ವರ್ಷದಿಂದ ಗಂಡಸರು ಅಷ್ಟೇ ಆಡ್ಲಿ. ಹೆಣ್ಮಕ್ಕಳಿಗೆ ಬೇರೆ ಇಡಾಣ. ಮ್ಯೂಸಿಕಲ್ ಚೇರು, ರಂಗೋಲಿ, ಚಮಚದಾಗೆ ನಿಂಬೆಹಣ್ಣು."

"ಪೆಟ್ಟು ಕೊಟ್ಟೋರು ಗಂಡಸರಲ್ಲೇನ್ರಿ?"

"ಕೊಟ್ಟೋರು ಯಾರಾರ ಆಗ್ಲಿ, ತಿನ್ನೋರೇ ಇಲ್ದಿದ್ರೆ ಪೆಟ್ಟು ಎಲ್ಲಿಂದ ಬರ್ತತೆ ಹೇಳ್ರಿ?"

ಇಂಥ ತರ್ಕದೆದುರು ಬುದ್ಧಿವಂತರೇ ಕೈಚೆಲ್ಲುತ್ತಾರೆ, ಇನ್ನು ದಣಿದವರ ಪಾಡೇನು? "ಹಂಗೇ ಮಾಡ್ರಿ" ಎಂಬ ಮಾತು ಮೇಡಂ ಬಾಯಿಯ ತುದಿಗೆ ಬಂದಿತ್ತು. ಮ್ಯೂಸಿಕಲ್ ಚೇರಿಗೆ ತಮ್ಮಂಥ ಅಂಪೈರ್ ಓಡಬೇಕಿಲ್ಲ. ಹಾಡು ಹಾಕುವುದು, ಹಾಡು ನಿಲ್ಲಿಸುವುದು. ಅದೂ ಕುರ್ಚಿಗಳ ಮಧ್ಯೆ. ಮನಸ್ಸು ಬಂದರೆ ಒಂದರಲ್ಲಿ ಕೂರಲೂಬಹುದು.

ಆದರೆ ಹಿಂದಿನ ವಾರವಷ್ಟೇ ಮೇಘಶ್ರೀ ಫೋನ್ ಮಾಡಿದ್ದಳು. ವರ್ಷವಿಡೀ ಊರವರ ಮಕ್ಕಳ ಲಸಿಕೆ, ಬಸಿರಿಯರ ಗುಳಿಗೆ ಎಂದು ನಡೆಯುವ ಹುಡುಗಿ. "ಮೂಳೆ ಕೂಡೈತಂತೆ ಮೇಡಂ, ಡಾಕ್ಟ್ರು ಆಡಬೌದು ಅಂದ್ರು. ನನ್ನ ಹೆಸರು ಬರ್ಕಳ್ರಿ. ವರ್ಷೆಲ್ಲ ಯಾರಿಗಾರ ಅಂತ ನಡೀತೀನಿ, ಒಂದಿನ ನನಗೆ ಅಂತ ಓಡ್ತೀನಿ" ಎಂದಿದ್ದಳು. ಮೇಡಂ ಹೆಸರು ಬರೆದುಕೊಂಡಿದ್ದರು. ಕಣದಲ್ಲಿ ನಿಂತಾಗ ಅದೇ ನೆನಪಾಯಿತು. "ಪೆಟ್ಟಾಗ್ದಂಗೆ ನೋಡ್ಕಂತೀನಿ ಬಿಡ್ರಿ" ಎಂದು ಹೇಳಿ, ಗಾಡಿ ಹತ್ತಿ, ಮನೆಗೆ ಬರುವ ದಾರಿಯುದ್ದಕ್ಕೂ ತಮ್ಮ ನಾಲಗೆಯನ್ನು ಬೈದುಕೊಂಡರು.

ಆ ಭಾನುವಾರ ನಾಲ್ಕು ದಿಕ್ಕಿನಿಂದ ದಂಡು ಬಂತು. ಜಗಳೂರಿನವರು ಕೋಳಿ ಕೂಗುವ ಮೊದಲೇ ಟೆಂಪೋ ಹತ್ತಿ, ದಾರಿಯಲ್ಲಿ ಎರಡು ಕಡೆ ಮಂಡಕ್ಕಿ ಮಿರ್ಚಿಗೆ ಮುತ್ತಿಗೆ ಹಾಕಿ, ಎಣ್ಣೆ ಕೈಯಲ್ಲೇ ಇಳಿದರು. ಹೊನ್ನಾಳಿಯ ಸೇನಾಧಿಪತಿ ಓಂಕಾರ್, ಹಾಲಿನ ಡೇರಿ ಕಾರ್ಯದರ್ಶಿ, ಹೊಸ ಬೂಟು ಕಚ್ಚಿ ಕುಂಟುತ್ತ ಬಂದ. ಅವನ ಹಿಂದೆ ಪವಿತ್ರ. ಇವಳು ಕಲ್ಲೇಶಪ್ಪನವರ ತಮ್ಮನ ಸೊಸೆ, ಅಂದರೆ ಅವರಿಗೂ ಸೊಸೆಯೇ. ಹೊನ್ನಾಳಿಯಲ್ಲಿ ಬ್ಯಾಂಕಿನ ಕೆಲಸ ಮಾಡಿಕೊಂಡು ಅಲ್ಲೇ ಇದ್ದುದರಿಂದ ಮಾವನ ಎದುರು ಪಾಳಯದಲ್ಲಿ ನಿಂತಿದ್ದಳು. ಮನೆಯಲ್ಲಿ ಮಾವ ಹೊರಗಿನಿಂದ ಬಂದರೆ ಎದ್ದು ನಿಲ್ಲುವ ಹುಡುಗಿ, ಮೈದಾನದಲ್ಲಿ ಅವರ ಬೇಸನ್ನು ಕಣ್ಣಿಟ್ಟು ನೋಡುತ್ತಿದ್ದಳು.

ಮೇಡಂ ಎಲ್ಲರನ್ನೂ ಹೋಮ್ ಸುತ್ತ ನಿಲ್ಲಿಸಿದರು. ಹಿಂದಿನ ರಾಜರಾದರೆ ಕಲ್ಲಿನ ಮೇಲೆ ಶಾಸನ ಕೆತ್ತಿಸುತ್ತಿದ್ದರು. ಮೇಡಂ ಬಳಿ ಇದ್ದದ್ದು ಒಂದು ಸೀಟಿ ಮತ್ತು ಅರ್ಧ ಕೂತ ಗಂಟಲು.

"ಕೇಳ್ರಿ. ಚೆಂಡು ಕೆಳಗಿಂದ, ನಿಧಾನ ಹಾಕ್ಬೇಕು. ಎದುರಿರೋರು ನಿಮ್ಮ ಸಾಲಗಾರರಲ್ಲ."

"ಹೊಡೆದ ಮೇಲೆ ಬ್ಯಾಟನ್ನ ಕೆಳಗಿಟ್ಟು ಓಡ್ಬೇಕು. ಎಸೆದು ಓಡಿದ್ರೆ ಔಟ್."

"ಇಟ್ಟು ಓಡಾಕೆ ಟೈಮ್ ಎಲ್ಲೈತೆ ಮೇಡಂ?" ಎಂದ ಓಂಕಾರ್.

"ಹಾಲಿನ ಕ್ಯಾನ್ ಎಸೀತೀಯೇನಪ್ಪ? ಹಂಗೇ ಇದೂ."

"ಹೋಮ್ ಹತ್ರ ಎರಡು ಹಲಗೆ ಇಟ್ಟೀನಿ. ಕಿತ್ತಳೆ ಬಣ್ಣದ್ದು ಓಡಿ ಬರೋರಿಗೆ, ಬಿಳೀದು ಚೆಂಡು ಹಿಡಿಯೋರಿಗೆ. ಯಾರೂ ಯಾರ ಮೈಮೇಲೂ ಬೀಳಂಗಿಲ್ಲ. ಜಾರಿ ಬರಂಗಿಲ್ಲ. ಗಂಡಸರಿಗೆ ಇನ್ನೊಂದು ಮಾತು. ಹೆಂಗಸರ ಕಡೆ ಹೋದ ಚೆಂಡು ಹೆಂಗಸರದ್ದು. ನೀವು ಮೂರು ಬೇಸು ದಾಟಿ ಬಂದು, ಅವರನ್ನ ದೂಡಿ, ಹಿಡಿದು, ಬಿಟ್ಟು, 'ಅಯ್ಯೋ ಸಹಾಯಕ್ಕೆ ಬಂದೆ' ಅನ್ನಂಗಿಲ್ಲ."

ಹೆಂಗಸರ ಕಡೆಯಿಂದ ಒಂದು ಸಣ್ಣ ನಗೆ ಹೊರಟಿತು. ಗಂಡಸರು ತಮ್ಮ ಬೂಟುಗಳ ಲೇಸನ್ನು ಪರೀಕ್ಷಿಸಿದರು.

"ಕಾಲು ತಾಗಿದ್ರೆ ಮುಟ್ಟಿ ಕಣ್ಣಿಗೊತ್ಕಳದು ಆಟ ಮುಗಿದ ಮೇಲೆ. ಓಡ್ತಾ ಓಡ್ತಾ ಬಗ್ಗಿದ್ರೆ ಹಿಂದಿನೋರು ಬಂದು ಗುದ್ದುತಾರೆ. ಇನ್ನು ಕಿಚಾಯಿಸೋದು. ಆಟಕ್ಕೆ ಎಷ್ಟು ಬೇಕಾದ್ರೂ ಕಿಚಾಯಿಸ್ರಿ. ಮನೆ, ಜಾತಿ, ಬಣ್ಣ, ಗಂಡ, ಈ ನಾಲ್ಕು ಬಾಯಿಗೆ ಬರಬಾರದು."

"ತೂಕ?" ಎಂದು ಜಗಳೂರಿನ ಕಡೆಯಿಂದ ಯಾರೋ ಕೇಳಿದರು.

"ಐದು. ಬರಬಾರದು."

ಆಮೇಲೆ ಮೇಡಂ ಚೆಂಡನ್ನು ಗ್ಲೌಸಿನಲ್ಲಿ ಹಿಡಿದು ಮೇಲೆತ್ತಿ ತೋರಿಸಿದರು. "ಇದು ಲಗೋರಿ ಅಲ್ಲ. ಓಡೋರ ಮೈಗೆ ಯಾರಾರ ಎಸೆದ್ರೆ ಎದುರಿನೋರಿಗೆ ರನ್ನು. ಎಸೆದೋರು ಅವತ್ತಿನ ಮಟ್ಟಿಗೆ ಮನೆಗೆ. ಯಾರೇ ಆಗ್ಲಿ. ಮುಟ್ಟಬೇಕು. ಭುಜಕ್ಕೋ ಬೆನ್ನಿಗೋ ಗ್ಲೌಸು ತಾಗಿಸ್ಬೇಕು. ಚರ್ಮದ ಗ್ಲೌಸು ಮುಟ್ಟತೈತೆ, ನೀವಲ್ಲ. ಒಪ್ಪಿಗೆನಾ?"

ಗಂಡಸರು ನೆಲ ನೋಡಿದರು. ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ "ಒಪ್ಪಿಗೆ" ಎಂದವರು ಕಲ್ಲೇಶಪ್ಪ.

"ಕಡೇದು. ಪೆಟ್ಟಾದೋರು ಮುಚ್ಚಿಡಂಗಿಲ್ಲ. ಅಲ್ಲೇ ಹೇಳ್ಬೇಕು, ಆಟ ನಿಲ್ಲತೈತೆ." ಹೀಗೆಂದಾಗ ಮೇಡಂ ಯಾರನ್ನೂ ನೋಡಲಿಲ್ಲ. ಮೇಘಶ್ರೀ ಮಾತ್ರ ತನ್ನನ್ನೇ ನೋಡಿದರೆಂಬಂತೆ ತಲೆಯಾಡಿಸಿದಳು.

ಮೊದಲ ಪಂದ್ಯ ನ್ಯಾಮತಿಗೂ ಜಗಳೂರಿಗೂ. ವಿಧಿಗೆ ಬೇರೆ ಕೆಲಸವಿರಲಿಲ್ಲವೇನೋ, ದುರುಗಣ್ಣನ ಕೈಯಲ್ಲಿ ಚೆಂಡಿರುವಾಗಲೇ ಮೇಘಶ್ರೀ ಮೂರನೇ ಬೇಸಿನಿಂದ ಹೋಮ್ ಕಡೆಗೆ ಹೊರಟಳು. ಮೈದಾನ ಉಸಿರು ಬಿಗಿಹಿಡಿಯಿತು. ದುರುಗಣ್ಣ ಎಸೆಯಲಿಲ್ಲ. ಮುಟ್ಟಲೂ ಇಲ್ಲ. ಗ್ಲೌಸನ್ನು ಮಂಗಳಾರತಿ ತಟ್ಟೆಯಂತೆ ಮುಂದೆ ಚಾಚಿಕೊಂಡು ಅವಳ ಪಕ್ಕದಲ್ಲೇ ಓಡತೊಡಗಿದ.

"ಸ್ವಲ್ಪ ನಿಂದ್ರಿ, ಮುಟ್ಟಬೇಕು" ಎಂದ, ಓಡುತ್ತಲೇ.

"ನಿಂತ್ರೆ ಔಟ್ ಆಗ್ತೀನಲ್ಲಣ್ಣ."

"ಅದಕ್ಕೇ ಅಲ್ಲೇನ್ರಿ ನಾನು ಬಂದಿರೋದು."

"ನೀವು ಬರ್ರಿ, ನಾನು ಹೋಗ್ತೀನಿ."

ಇಬ್ಬರೂ ಜೊತೆಯಾಗಿಯೇ ಹೋಮ್ ಮುಟ್ಟಿದರು. ಜಗಳೂರಿನ ಇತಿಹಾಸದಲ್ಲಿ ಎದುರಾಳಿಯನ್ನು ಮನೆಯವರೆಗೆ ಕಳಿಸಿಕೊಟ್ಟು ಬಂದ ಯೋಧ ಅವನೊಬ್ಬನೇ. ತಂಡದವರು ತಲೆ ಮೇಲೆ ಕೈ ಹೊತ್ತರು. ಆದರೆ ಮುಂದಿನ ಸರದಿಯಲ್ಲಿ ಅವಳು ಮತ್ತೆ ಬಂದಾಗ ದುರುಗಣ್ಣ ಕಣ್ಣು ಮುಚ್ಚಿ, ಗ್ಲೌಸಿನ ತುದಿಯನ್ನು ಅವಳ ತೋಳಿಗೆ, ಹಾಲು ಬಿಸಿಯಾಗಿದೆಯೇ ಎಂದು ನೋಡುವವರಂತೆ, ತಾಗಿಸಿದ. ಔಟ್. ಕಣ್ಣು ಬಿಟ್ಟು ಮೊದಲು ಕೇಳಿದ್ದು, "ನೋವಾತೇನ್ರಿ?" ಪಂದ್ಯ ನ್ಯಾಮತಿ ಗೆದ್ದಿತು. ಮೇಡಂ ಒಂದು ಲೋಟ ನೀರು ಕುಡಿದರು. ಅರ್ಧ ದಿನ ಕಳೆದಿತ್ತು, ಯಾರ ಮೈಮೇಲೂ ಗೀರು ಇರಲಿಲ್ಲ. ಇನ್ನರ್ಧ ದಿನ ಹೀಗೇ ಹೋದರೆ ಸಾಕು, ಮನೆಗೆ ಹೋಗಿ ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು ಎರಡು ದಿನ ಯಾರ ಮುಖವನ್ನೂ ನೋಡಬಾರದೆಂದುಕೊಂಡರು.

ಎರಡನೆಯದು ಚನ್ನಗಿರಿಗೂ ಹೊನ್ನಾಳಿಗೂ. ಎರಡನೇ ಬೇಸಿನ ಹತ್ತಿರ ಓಂಕಾರ್‌ನ ಹೊಸ ಬೂಟು ಸಿದ್ದಲಿಂಗಮ್ಮನ ಕಾಲ ಮೇಲೆ ಬಿತ್ತು. ಸಿದ್ದಲಿಂಗಮ್ಮ ಉಬ್ರಾಣಿಯ ಅಂಗನವಾಡಿ ಟೀಚರು, ಅವನ ತಾಯಿಯ ವಯಸ್ಸಿನವರು. ಬೆಳಗಿನ ಶಾಸನ ಅವನ ತಲೆಯಿಂದ ಹಾರಿಹೋಗಿ, ಬೇಸಿಗೆ ಒಂದು ಹೆಜ್ಜೆ ಇರುವಾಗಲೇ ಬಗ್ಗಿ ಅವರ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡ. "ಒಳ್ಳೇದಾಗ್ಲಪ್ಪ" ಎಂದು ಆಶೀರ್ವದಿಸುತ್ತಲೇ ಸಿದ್ದಲಿಂಗಮ್ಮ ಚೆಂಡಿದ್ದ ಗ್ಲೌಸನ್ನು ಅವನ ತಲೆಗೆ ತಾಗಿಸಿದರು. ಔಟ್. ಓಂಕಾರ್ ಬಗ್ಗಿದಲ್ಲೇ ಕೇಳಿದ, "ಇದು ಸ್ನೇಹ ಪಂದ್ಯಾನಾ ಮೇಡಂ?" ಮೇಡಂ ತೋಳೆತ್ತಿ ಔಟ್ ತೋರಿಸಿದರು. ನಗಬೇಕೆನಿಸಿತು, ಆದರೆ ನಕ್ಕರೆ ಸೊಂಟ ಹಿಡಿಯುತ್ತಿತ್ತು.

ಪಂದ್ಯ ಸಮಸಮ ಬಂದು ನಿಂತಾಗ ಪವಿತ್ರ ಎರಡನೇ ಬೇಸಿನಲ್ಲಿದ್ದಳು. ಹೊನ್ನಾಳಿಯವರು ಚೆಂಡನ್ನು ದೂರ ಬಾರಿಸಿದರು. ಮನೆಯಲ್ಲಿ ಅವಳನ್ನು ಸೀರೆಯಲ್ಲಿ ಕಂಡವರು ಯಾರೂ ಊಹಿಸದಂತೆ ಓಡಿದಳು, ಮೂರನೇ ಬೇಸು ತುಳಿದು, ನಿಲ್ಲದೆ ಹೋಮ್ ಕಡೆ ತಿರುಗಿದಳು. ಅಷ್ಟರಲ್ಲಿ ಚೆಂಡು ಕಲ್ಲೇಶಪ್ಪನವರ ಗ್ಲೌಸಿಗೆ ಬಂತು. ಸೊಸೆ ಒಂದು ಮೊಳ ದೂರದಲ್ಲಿದ್ದಳು. ಕೈ ಮುಂದೆ ಮಾಡಿದರೆ ಮುಗಿದಿತ್ತು.

ಆದರೆ ಕೈ ಹೇಗೆ ಮುಂದಾದೀತು? ಸೊಸೆ ಕೊಟ್ಟ ಕಾಫಿ ಲೋಟವನ್ನೂ ಮೇಜಿನ ಮೇಲಿಟ್ಟ ಮೇಲೆಯೇ ತೆಗೆದುಕೊಳ್ಳುವ ಮನೆತನ. ನಾಲ್ಕು ತಾಲ್ಲೂಕಿನ ಕಣ್ಣು ನೋಡುತ್ತಿತ್ತು. ಕಲ್ಲೇಶಪ್ಪನವರ ತೋಳು ತಾನೇ ಅರ್ಧ ಶತಮಾನ ಹಿಂದಕ್ಕೆ ಹೋಯಿತು. ಲಗೋರಿಯಲ್ಲಿ ಊರಿಗೇ ಹೆಸರಾಗಿದ್ದ ತೋಳು ಅದು. ಎಸೆದೇ ಎಸೆದರು.

ಪವಿತ್ರ ಬಗ್ಗಿದಳು. ಚೆಂಡು ಅವಳ ಬೆನ್ನ ಮೇಲಿನಿಂದ ಹಾರಿ, ಪಕ್ಕದಲ್ಲೇ ಓಡಿಬರುತ್ತಿದ್ದ ಅಂಪೈರಿನ ಬಲ ಮಣಿಕಟ್ಟಿಗೆ ಬಡಿಯಿತು.

ಶಬ್ದ ಕೇಳಿಸಿದ್ದು ಮೇಡಂಗೆ ಮಾತ್ರ. ಒಣ ಕಡ್ಡಿ ಮುರಿದಂತೆ. ಅವರು ಕೈಯನ್ನು ಬೆನ್ನ ಹಿಂದಕ್ಕೆ ಒಯ್ದು, ಎಡಗೈಯಲ್ಲಿ ಸೀಟಿ ಹಿಡಿದು ಊದಿದರು. "ಮೈಗೆ ಎಸೆತ. ರನ್ನು ಹೊನ್ನಾಳಿಗೆ. ಕಲ್ಲೇಶಪ್ಪನವರೇ, ನೀವು ಹೊರಗೆ."

"ಮಾವ, ನೀವೇ ಹಿಂಗೆ ಎಸೆದ್ರೆ ಹೆಂಗೆ?" ಎಂದಳು ಪವಿತ್ರ, ದೂಳು ಕೊಡವಿಕೊಳ್ಳುತ್ತ. ಕಲ್ಲೇಶಪ್ಪ ಗ್ಲೌಸು ಕಳಚಿ, ತೋಳನ್ನು ಬೇರೆ ಯಾರದೋ ಎಂಬಂತೆ ನೋಡುತ್ತ ಶಾಮಿಯಾನದ ಕಡೆ ನಡೆದರು. "ಯಾರಿಗೂ ತಾಗಲಿಲ್ಲ ತಾನೆ?" ಎಂದು ದಾರಿಯಲ್ಲಿ ಕೇಳಿದರು.

ಮೇಡಂ ಬಾಯಿ ಬಿಡಲಿಲ್ಲ. ಕೈ ಬೆನ್ನ ಹಿಂದೆ ಭಾರವಾಗುತ್ತಿತ್ತು. ಉಳಿದಿದ್ದು ಒಂದು ಸರದಿ, ಆಮೇಲೆ ಫೈನಲ್. ಎಡಗೈಯಲ್ಲೂ ಔಟ್ ತೋರಿಸಬಹುದು. ಸಂಜೆ ಮನೆಯಲ್ಲಿ ಬಿದ್ದೆ ಎನ್ನಬಹುದು. ಈ ಮಂಡಿಗಳ ಹೆಸರು ಹೇಳಿದರೆ ಯಾರೂ ಅನುಮಾನಿಸುವುದಿಲ್ಲ. ಸುಮ್ಮನಿದ್ದುಬಿಟ್ಟರೆ ಹೆಂಗಸರು ಮುಂದಿನ ವರ್ಷವೂ ಓಡುತ್ತಾರೆ. ಹೇಳಿದರೆ ಚಮಚ, ನಿಂಬೆಹಣ್ಣು. ಅವರು ಮೂರನೇ ಬೇಸಿನ ಹತ್ತಿರ ಹೋಗಿ ನಿಂತು, "ಆಡ್ರಿ" ಎಂದರು. ಒಂದು ಚೆಂಡು ಹೋಯಿತು. ಇನ್ನೊಂದು ಹೋಯಿತು. ನೆತ್ತಿಯಿಂದ ತಣ್ಣನೆಯ ಬೆವರು ಇಳಿಯಿತು.

ಗೆರೆಯಾಚೆ ಮೇಘಶ್ರೀ ನಿಂತಿದ್ದಳು. ಅವಳು ಆಟ ನೋಡುತ್ತಿರಲಿಲ್ಲ, ಮೇಡಂ ಅವರ ಬೆನ್ನ ಹಿಂದಿನ ಕೈಯನ್ನು ನೋಡುತ್ತಿದ್ದಳು. ಪೆಟ್ಟನ್ನು ಮುಚ್ಚಿಡುವವರು ಹೇಗೆ ನಿಲ್ಲುತ್ತಾರೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ತಾನು ಹೇಳಬಾರದೆಂದು ನಿರ್ಧರಿಸಿದವಳಂತೆ ತುಟಿ ಒಳಗೆಳೆದುಕೊಂಡಳು.

ಆ ತುಟಿಯನ್ನು ಕಂಡ ಮೇಲೆ ಮೇಡಂಗೆ ನಿಲ್ಲಲಾಗಲಿಲ್ಲ. ಇಂದು ತಾವು ಮುಚ್ಚಿಟ್ಟರೆ ಮುಂದಿನ ವರ್ಷ ಈ ಹುಡುಗಿ ಮತ್ತೆ ಮುಚ್ಚಿಡುತ್ತಾಳೆ, ಅದರ ಮುಂದಿನ ವರ್ಷ ಇನ್ನೊಬ್ಬಳು. ಸೀಟಿ ಊದಿ ಬಲಗೈಯನ್ನು ಮುಂದೆ ತಂದರು. ಅದು ಆಗಲೇ ಬೂದುಗುಂಬಳದ ಹೀಚಿನಷ್ಟು ಊದಿತ್ತು.

"ಆಟ ನಿಲ್ಸ್ರಿ. ನನಗೆ ಪೆಟ್ಟಾಗೈತೆ."

ಎಲ್ಲರೂ ಮುತ್ತಿದರು. ಯಾರೋ ನೀರು, ಯಾರೋ ಐಸ್‌ಕ್ಯಾಂಡಿ, ಯಾರೋ ಅರಿಸಿನ. ದುರುಗಣ್ಣ ತನ್ನ ಟವೆಲ್ಲಿನಲ್ಲಿ ಜೋಳಿಗೆ ಕಟ್ಟಿ, ಕೈಯನ್ನು ಮುಟ್ಟದೆ ಒಳಗಿಡುವುದು ಹೇಗೆಂದು ಒಂದು ಕ್ಷಣ ಯೋಚಿಸಿ, ಆಮೇಲೆ ಯೋಚನೆ ಬಿಟ್ಟು ಮುಟ್ಟಿಯೇ ಇಟ್ಟ. ಕಲ್ಲೇಶಪ್ಪ ಶಾಮಿಯಾನದಿಂದ ಎದ್ದು ಬಂದು, ಊದಿದ ಕೈ ನೋಡಿ, ಹಾಗೇ ಹಿಂದಕ್ಕೆ ಹೋಗಿ ಕುಳಿತರು.

ಅಲ್ಲಿಂದ ನಾಲ್ಕು ತಾಲ್ಲೂಕಿನ ಕಾನೂನು ಪಂಡಿತರ ಸಭೆ ಆರಂಭವಾಯಿತು. ಹೆಂಗಸಿಗೆ ಪೆಟ್ಟಾದರೆ ಮುಂದಿನ ವರ್ಷ ಹೆಂಗಸರಿಲ್ಲವೆಂದು ಕಲ್ಲೇಶಪ್ಪ ಸಾರಿಕೊಂಡು ಬಂದಿದ್ದ ಮಾತು ಎಲ್ಲರಿಗೂ ಗೊತ್ತಿತ್ತು. ಓಂಕಾರ್‌ಗೆ ದಾರಿ ಹೊಳೆಯಿತು. "ಪೆಟ್ಟಾಗಿದ್ದು ಅಂಪೈರಿಗೆ. ಅಂಪೈರು ಆಟದಾಗೆ ಇಲ್ಲ. ಅಂಪೈರು ಗಂಡಸೂ ಅಲ್ಲ, ಹೆಂಗಸೂ ಅಲ್ಲ, ಅಂಪೈರು. ಹಂಗಾಗಿ ಇದು ಲೆಕ್ಕಕ್ಕಿಲ್ಲ." ಬಹುಮತ ಕೂಡಲೇ ಆ ಕಡೆ ವಾಲಿತು. ಜಗಳೂರಿನವರು ಚಪ್ಪಾಳೆಯನ್ನೂ ತಟ್ಟಿದರು.

ಬಾಯಿ ಮುಚ್ಚಿಕೊಂಡಿದ್ದರೆ ಅಷ್ಟರಲ್ಲೇ ಬದುಕಿಕೊಳ್ಳಬಹುದಿತ್ತು. ಆದರೆ ದಣಿದವರಿಗೆ ಸುಳ್ಳಿನ ಭಾರ ಹೊರುವಷ್ಟು ಶಕ್ತಿಯೂ ಇರುವುದಿಲ್ಲ. "ನಾನು ಹೆಂಗಸೇ ಕಣಪ್ಪ" ಎಂದರು ಮೇಡಂ. "ಲೆಕ್ಕಕ್ಕೆ ತಗಳ್ರಿ." ಹಾಗೆಂದು ಸೀಟಿಯನ್ನು ಕತ್ತಿನಿಂದ ತೆಗೆದು ದುರುಗಣ್ಣನ ಕೊರಳಿಗೆ ಹಾಕಿ, ಉಳಿದ ಆಟ ನಡೆಸೆಂದು ಹೇಳಿ, ಶಾಮಿಯಾನಕ್ಕೆ ಹೋಗಿ ಕಲ್ಲೇಶಪ್ಪನವರ ಪಕ್ಕದ ಕುರ್ಚಿಯಲ್ಲಿ ಕುಳಿತರು. ಕುಳಿತದ್ದೇ ತಡ, ಇಷ್ಟು ವರ್ಷಗಳ ನಿಲುವು ಒಟ್ಟಿಗೆ ಕಾಲಿನಿಂದ ಇಳಿದಂತಾಯಿತು.

ಆಸ್ಪತ್ರೆಗೆ ಕರೆದೊಯ್ಯಲು ಕಾರು ತರಲು ಯಾರೋ ಓಡಿದ್ದರು. ಕಲ್ಲೇಶಪ್ಪ ಕೆಮ್ಮಿದರು. ಮೈಕಿನ ವೈರನ್ನು ಕಾಲಿನಿಂದ ಸರಿಮಾಡಿದರು.

"ಕೈ ಹೆಂಗೈತೆ?"

"ನಿಮ್ಮ ಎಸೆತ ಚೆನ್ನಾಗೈತೆ."

"ಬೇಕಂತ ಎಸೀಲಿಲ್ಲ ಮೇಡಂ. ಸೊಸೆ ಅಲ್ಲೇನ್ರಿ ಆಕೆ. ಮುಟ್ಟೋದು ಹೆಂಗೆ?"

"ಮುಟ್ಟೋದು ತಪ್ಪು, ಚೆಂಡಲ್ಲಿ ಹೊಡೆಯೋದು ಮರ್ಯಾದೆ ಅಂತೀರಿ."

ಕಲ್ಲೇಶಪ್ಪ ಮೈಕಿನ ವೈರನ್ನು ಇನ್ನೊಮ್ಮೆ ಸರಿಮಾಡಿದರು. ಆಮೇಲೆ, ಬಹಳ ಮೆಲ್ಲಗೆ, "ಈಗ ಮುಂದಿನ ವರ್ಷದ್ದು ಏನು ಮಾಡಾಣ? ಮಾತು ಕೊಟ್ಟೀನಿ ಎಲ್ಲರಿಗೂ" ಎಂದರು.

ಮೇಡಂಗೆ ವಾದಿಸಲು ಮೈಯಲ್ಲಿ ಕಸುವಿರಲಿಲ್ಲ. "ಏನ್ ಬೇಕಾದ್ರೂ ಮಾಡ್ರಿ. ಮೈಕು ಇಲ್ಲೇ ಐತೆ, ಹೇಳಿಬಿಡ್ರಿ. ಅಂಪೈರಿಗೆ ಪೆಟ್ಟಾತು, ಹೊಡೆದೋನು ನಾನು, ಅದಕ್ಕೆ ಹೆಂಗಸರು ಬ್ಯಾಡ. ಮೂರೂ ಒಂದೇ ಉಸಿರಲ್ಲಿ ಹೇಳ್ರಿ, ನಾನು ಬ್ಯಾಡ ಅನ್ನಲ್ಲ."

ಕಲ್ಲೇಶಪ್ಪ ಎದ್ದು ಮೈಕು ತೆಗೆದುಕೊಂಡರು. ಮೂರು ದಶಕಗಳಿಂದ ಊರ ಮೈಕುಗಳಲ್ಲಿ ಅಂಜದೆ ಮಾತಾಡಿದ ಗಂಟಲು. ಆಟ ನಿಂತು ಎಲ್ಲರೂ ಈ ಕಡೆ ತಿರುಗಿದರು. ಹೆಂಗಸರು ಒಂದು ಕಡೆ ಗುಂಪಾದರು. ಮೇಘಶ್ರೀ ಗ್ಲೌಸನ್ನು ಎದೆಗೆ ಅವಚಿಕೊಂಡಿದ್ದಳು.

"ನಮ್ಮ ಪುಷ್ಪಾವತಿ ಮೇಡಂಗೆ ಪೆಟ್ಟಾಗೈತೆ" ಎಂದರು. "ಹೊಡೆದೋನು ನಾನು." ಮೈಕು ಕುಂಯ್ ಎಂದಿತು. "ಅದಕ್ಕೆ..." ಎಂದು ನಿಂತರು. ಸೊಸೆಯನ್ನು ನೋಡಿದರು, ಸೊಸೆ ಅವರನ್ನು ನೋಡಿದಳು. ಒಂದೇ ಉಸಿರು ಅಲ್ಲಿಯವರೆಗೆ ಬಂದು ಖಾಲಿಯಾಗಿತ್ತು. ಇನ್ನೊಂದು ಉಸಿರು ಎಳೆದುಕೊಂಡರು. "ಅದಕ್ಕೆ ಮುಂದಿನ ವರ್ಷ ನಾನು ಆಡಂಗಿಲ್ಲ. ಉಳಿದೋರೆಲ್ಲ ಈಗ ಹೆಂಗೆ ಆಡ್ತೀರೋ ಹಂಗೇ, ಗಂಡ್ಮಕ್ಕಳು ಹೆಣ್ಮಕ್ಕಳು ಕೂಡೇ ಆಡ್ರಿ. ಊಟ ನಂದೇ."

ಹೆಂಗಸರು ಕೂಗಲಿಲ್ಲ. ಗೆದ್ದೆವೆಂದು ತಿಳಿಯಲು ಅವರಿಗೆ ಸ್ವಲ್ಪ ಸಮಯ ಹಿಡಿಯಿತು. ಮೊದಲು ಸಿದ್ದಲಿಂಗಮ್ಮ "ಆಡ್ರಿ ಮತ್ತೆ, ಹೊತ್ತು ಇಳೀತೈತೆ" ಎಂದರು. ದುರುಗಣ್ಣ ಸೀಟಿ ಊದಿದ. ಬಹಳ ಜೋರಾಗಿ, ಒಂದು ತಾಲ್ಲೂಕು ಕೇಳುವ ಹಾಗೆ.

ಕಾರು ಬಂತು. ಮೇಡಂ ಹತ್ತುವಾಗ ಕಲ್ಲೇಶಪ್ಪ ಬಾಗಿಲು ಹಿಡಿದು ನಿಂತಿದ್ದರು. ಆಟದಿಂದ ಹೊರಬಿದ್ದ ಗಂಡಸಿನ ಮುಖ, ಸಾಲಿನಿಂದ ಹೊರಗೆ ನಿಲ್ಲಿಸಿದ ಐದನೇ ಕ್ಲಾಸಿನ ಮಕ್ಕಳ ಮುಖದ ಹಾಗೇ ಇರುತ್ತದೆ. ಸುಮ್ಮನೆ ಕೂತು ಹೋಗಿಬಿಟ್ಟಿದ್ದರೆ ಮೇಡಂಗೆ ಎಷ್ಟು ಭಾನುವಾರಗಳು ಉಳಿಯುತ್ತಿದ್ದವು. ಆದರೆ ಮಾಸ್ತರಿಕೆ ಎಂಬುದು ಕಾಯಿಲೆ. "ಆಡಂಗಿಲ್ಲ ಅಂದ್ರೆ ಹೆಂಗ್ರಿ" ಎಂದುಬಿಟ್ಟರು. "ಮುಟ್ಟೋದು ಕಲೀರಿ. ಮುಂದಿನ ಭಾನುವಾರ ಬೆಳಿಗ್ಗೆ ಗ್ರೌಂಡಿಗೆ ಬರ್ರಿ."

ಬಂದರು. ಅವರೊಬ್ಬರೇ ಅಲ್ಲ, ಅದೇ ರೋಗದ ಇನ್ನೂ ನಾಲ್ಕೈದು ಗಂಡಸರು. ಮೇಡಂ ಕೈಗೆ ಪಟ್ಟಿ ಹಾಕಿಸಿಕೊಂಡು, ಚಳಿಗೆ ಶಾಲು ಹೊದ್ದು, ಜೋಳದ ದಿಂಡು ತುಂಬಿದ ಗೋಣಿಚೀಲವೊಂದನ್ನು ಗೂಟಕ್ಕೆ ಕಟ್ಟಿಸಿದ್ದರು. ಕಲ್ಲೇಶಪ್ಪ ಗೋಣಿಚೀಲವನ್ನು ಗ್ಲೌಸಿನಿಂದ ಮುಟ್ಟಿದರು. ಸಲೀಸಾಗಿ, ಸೊಗಸಾಗಿ, ಓಡುತ್ತ, ನಿಂತು, ಎಡಗಡೆಯಿಂದ, ಬಲಗಡೆಯಿಂದ. ಆ ಬೆಳಿಗ್ಗೆ ಆ ಗೋಣಿಚೀಲದಷ್ಟು ಸಲ ಔಟಾದ ಜೀವ ಇನ್ನೊಂದಿರಲಿಕ್ಕಿಲ್ಲ. ಆಮೇಲೆ, ರಜೆಗೆಂದು ಊರಿಗೆ ಬಂದಿದ್ದ ಪವಿತ್ರ ಚೀಲದ ಪಕ್ಕದಿಂದ ಓಡಿಬಂದಳು. ಕಲ್ಲೇಶಪ್ಪನವರ ಕೈ ಅರ್ಧಕ್ಕೆ ನಿಂತಿತು. ಅವಳು ದಾಟಿ ಹೋದಳು.

"ಹೋದ್ಲಲ್ರಿ" ಎಂದರು ಅವರು, ತಮಗೇ ಆಶ್ಚರ್ಯವಾದಂತೆ.

ಮೇಡಂ ಶಾಲನ್ನು ಬಿಗಿಮಾಡಿಕೊಂಡರು. ಬಿಸಿಲು ಇನ್ನೂ ಬಂದಿರಲಿಲ್ಲ, ಮಂಡಿಗಳು ಆಗಲೇ ಮಾತಿಗೆ ಶುರುಮಾಡಿದ್ದವು. "ಪವಿತ್ರಾ, ಹಿಂದಕ್ಕೆ ಹೋಗಮ್ಮ" ಎಂದು ಸುಸ್ತಾದ ದನಿಯಲ್ಲಿ ಹೇಳಿದರು. "ಇನ್ನೊಂದ್ಸಲ ಬಾ. ಸ್ವಲ್ಪ ನಿಧಾನಕ್ಕೆ ಬಾ."